ಟಿಬೆಟ್ ಕುರಿತ ವಿಚಾರ ಸಂಕಿರಣ: ಭಾಷೆ ಇಟ್ಟುಕೊಂಡು ರಾಜಕೀಯವನ್ನು ಬಿಡಬಹುದೇ?

ಓದುಗರ ಪ್ರಶ್ನೆ: ಮೈಸೂರು ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಇರುವ ಬೈಲಕುಪ್ಪೆ ನಮಗೆ ಹತ್ತಿರ. ‘ಟಿಬೆಟನ್ ಭಾಷೆ, ಸಾಹಿತ್ಯ ಮತ್ತು ರಾಜಕೀಯ ಭವಿಷ್ಯ’ ಎಂಬ ಎರಡು ದಿನದ ವಿಚಾರ ಸಂಕಿರಣ ಮಾಡಬೇಕೆಂದಿದ್ದೇವೆ. ಪ್ರಾಂಶುಪಾಲರು ‘ರಾಜಕೀಯ ಭವಿಷ್ಯ’ ಎಂಬ ಮಾತು ತೆಗೆಯಿರಿ, ಬರೀ ಭಾಷೆ-ಸಾಹಿತ್ಯ ಸಾಕು ಎನ್ನುತ್ತಿದ್ದಾರೆ. ಟಿಬೆಟ್ ರಾಜಕೀಯ ಮಾತಾಡುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ ಎಂದು ಸಹೋದ್ಯೋಗಿಯೊಬ್ಬರ ವಾದ. ಲಾಮಾಗಳನ್ನು ಕರೆದರೆ ಧರ್ಮೋಪದೇಶ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಇನ್ನೊಬ್ಬರು. ವಿದೇಶದ ವಿದ್ವಾಂಸರನ್ನು ಕರೆಯಬಹುದೇ? ಯಾವ ಭಾಷೆಯಲ್ಲಿ ನಡೆಸಬೇಕು? ಪ್ರಬಂಧಗಳ ಪುಸ್ತಕದಲ್ಲಿ ಟಿಬೆಟನ್ ಅಕ್ಷರ ಅಚ್ಚಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಭಯವೆಲ್ಲ ಕಾಲೇಜಿಗೆ ಏನಾದೀತು ಎನ್ನುವುದರ ಸುತ್ತ ಇದೆ. ಇಂಥ ಸಭೆಗಳಲ್ಲಿ ನಿಜವಾದ ಅಪಾಯ ಇರುವುದು ಮಾತಾಡಲು ಬರುವ ಟಿಬೆಟನ್ನರಿಗೆ, ಅದಕ್ಕಿಂತ ಹೆಚ್ಚಾಗಿ ಟಿಬೆಟ್‌ನೊಳಗೇ ಉಳಿದಿರುವ ಅವರ ಮನೆಯವರಿಗೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ನಿಷೇಧದ ಮಾತು ಮುಗಿಸೋಣ.

ಟಿಬೆಟ್‌ನ ರಾಜಕೀಯ ಭವಿಷ್ಯವನ್ನು ಕಾಲೇಜಿನಲ್ಲಿ ಚರ್ಚಿಸಬಾರದೆಂಬ ಕಾನೂನು ಭಾರತದಲ್ಲಿ ಇಲ್ಲ. ಇರುವುದು ಸರ್ಕಾರದ ನಿಲುವು. 2003ರ ಜಂಟಿ ಘೋಷಣೆಯಲ್ಲಿ ಭಾರತವು ಟಿಬೆಟ್ ಸ್ವಾಯತ್ತ ಪ್ರದೇಶವನ್ನು ಚೀನಾದ ಭೂಭಾಗವೆಂದು ಒಪ್ಪಿತು. ಭಾರತದ ನೆಲದಲ್ಲಿ ಟಿಬೆಟನ್ನರು ಚೀನಾ ವಿರೋಧಿ ರಾಜಕೀಯ ಚಟುವಟಿಕೆ ನಡೆಸಬಾರದೆಂಬ ಮಾತನ್ನೂ ಹೇಳುತ್ತ ಬಂದಿದೆ. ಮೆರವಣಿಗೆ, ಧರಣಿ, ಘೋಷಣೆಗಳಿಗೆ ಇದು ತಟ್ಟುತ್ತದೆ. ಪ್ರಬಂಧ ಓದಿ ಪ್ರಶ್ನೆ ಕೇಳುವ ಸಭೆ ಬೇರೆ ವಿಷಯ. ನಿಮ್ಮ ಸಹೋದ್ಯೋಗಿಯ ಮನಸ್ಸಿನಲ್ಲಿರುವುದು ಬಹುಶಃ ಎರಡು ಹಳೆಯ ಸುದ್ದಿಗಳು. 2018ರ ಫೆಬ್ರವರಿಯಲ್ಲಿ ಅಂದಿನ ವಿದೇಶಾಂಗ ಕಾರ್ಯದರ್ಶಿಯವರು, ಟಿಬೆಟನ್ನರು ಆಗ ಏರ್ಪಡಿಸಿದ್ದ ಕಾರ್ಯಕ್ರಮಗಳಿಂದ ಹಿರಿಯ ನಾಯಕರೂ ಅಧಿಕಾರಿಗಳೂ ದೂರ ಉಳಿಯುವುದು ಒಳ್ಳೆಯದೆಂದು ಬರೆದಿದ್ದರು. 2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ, ಗಡಿ ಮತ್ತು ದೇಶದ ಭದ್ರತೆಯ ವಿಷಯದ ಆನ್‌ಲೈನ್ ಅಂತರರಾಷ್ಟ್ರೀಯ ಸಭೆಗಳಿಗೆ ಮುಂಚಿತ ಅನುಮತಿ ಬೇಕೆಂದಿತ್ತು. ಮರುತಿಂಗಳೇ ಆ ನಿಯಮ ಹಿಂದಕ್ಕೆ ಹೋಯಿತು. ಇವೆರಡೂ ನಿಮ್ಮ ಸಭಾಂಗಣಕ್ಕೆ ಬೀಗ ಹಾಕುವಂಥವಲ್ಲ. ಮಂತ್ರಿಗಳನ್ನೋ ಜಿಲ್ಲಾಧಿಕಾರಿಗಳನ್ನೋ ಉದ್ಘಾಟನೆಗೆ ಕರೆದರೆ ಕೊನೆಯ ಗಳಿಗೆಯಲ್ಲಿ ಬರಲಾಗುವುದಿಲ್ಲ ಎನ್ನಬಹುದು, ಅಷ್ಟೇ. ಉದ್ಘಾಟನೆಯನ್ನು ವಿದ್ವಾಂಸರ ಕೈಯಿಂದಲೇ ಮಾಡಿಸಿ.

ಈಗ ಪ್ರಾಂಶುಪಾಲರ ಸಲಹೆ. ರಾಜಕೀಯ ತೆಗೆದು ಭಾಷೆ ಉಳಿಸಿಕೊಂಡರೆ ಗೋಷ್ಠಿ ಸುರಕ್ಷಿತವಾಗುತ್ತದೆ ಎಂದು ಅವರು ನಂಬಿದ್ದಾರೆ. ಟಿಬೆಟ್‌ನ ಮಟ್ಟಿಗೆ ಅದು ಸಾಧ್ಯವೇ ಇಲ್ಲ. ಟಶಿ ವಾಂಗ್‌ಚುಕ್ ಎಂಬ ವ್ಯಾಪಾರಿ ಕೇಳಿದ್ದು ಟಿಬೆಟನ್ ಭಾಷೆಯ ಶಿಕ್ಷಣವನ್ನು ಮಾತ್ರ, ಪ್ರತ್ಯೇಕ ದೇಶವನ್ನಲ್ಲ. ಅಮೆರಿಕದ ಪತ್ರಿಕೆಯೊಂದರ ವಿಡಿಯೊದಲ್ಲಿ ಅದನ್ನು ಹೇಳಿದ್ದಕ್ಕೆ 2016ರ ಜನವರಿಯಲ್ಲಿ ಬಂಧನವಾಯಿತು, 2018ರಲ್ಲಿ ‘ಪ್ರತ್ಯೇಕತೆಗೆ ಪ್ರಚೋದನೆ’ ಎಂಬ ಆರೋಪದಲ್ಲಿ 5 ವರ್ಷದ ಶಿಕ್ಷೆಯಾಯಿತು. 2021ರ ಜನವರಿಯಲ್ಲಿ ಅವರು ಹೊರಬಂದರು. ಚೀನಾದ ಸಂವಿಧಾನದ 4ನೇ ವಿಧಿ ಎಲ್ಲ ಜನಾಂಗಗಳಿಗೂ ತಮ್ಮ ನುಡಿ ಮತ್ತು ಲಿಪಿಯನ್ನು ಬಳಸಿ ಬೆಳೆಸುವ ಸ್ವಾತಂತ್ರ್ಯ ಕೊಟ್ಟಿದೆ. 1984ರ ಪ್ರಾದೇಶಿಕ ಸ್ವಾಯತ್ತತೆ ಕಾನೂನೂ ಅದನ್ನೇ ಹೇಳುತ್ತದೆ. ಕಾಗದದ ಮೇಲಿರುವ ಈ ಹಕ್ಕಿಗೂ ಶಾಲೆಯಲ್ಲಿ ನಡೆಯುವುದಕ್ಕೂ ನಡುವಿನ ಅಂತರವೇ ಇಂದಿನ ಟಿಬೆಟ್‌ನ ಮುಖ್ಯ ರಾಜಕೀಯ ಪ್ರಶ್ನೆ. 2010ರ ಅಕ್ಟೋಬರ್‌ನಲ್ಲಿ ರೆಬ್‌ಕೊಂಗ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಪಾಠದ ಮಾಧ್ಯಮವನ್ನು ಚೀನೀ ಭಾಷೆಗೆ ಬದಲಿಸುವ ಯೋಜನೆಯ ವಿರುದ್ಧ. 2024ರ ಜುಲೈನಲ್ಲಿ ಗೊಲೊಗ್‌ನ ರಗ್ಯ ಶಾಲೆ ಮುಚ್ಚಿತು. ಅದು ಟಿಬೆಟನ್ ಮಾಧ್ಯಮಕ್ಕೆ ಹೆಸರಾದ ಖಾಸಗಿ ಶಾಲೆ. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಸರ್ಕಾರಿ ವಸತಿ ಶಾಲೆಗಳಿಗೆ ಸೇರಿ ಮನೆಮಾತಿನಿಂದ ದೂರವಾಗುತ್ತಿದ್ದಾರೆಂದು 2023ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮೂವರು ಮಾನವ ಹಕ್ಕು ತಜ್ಞರು (ವಿಶೇಷ ವರದಿಗಾರರು) ಎಚ್ಚರಿಸಿದರು. ಚೀನಾ ಅದನ್ನು ನಿರಾಕರಿಸಿದೆ. ಇದನ್ನೆಲ್ಲ ಹೇಳದೆ ಟಿಬೆಟನ್ ಭಾಷೆಯ ‘ಇಂದಿನ ಸ್ಥಿತಿ’ ಕುರಿತು ಪ್ರಬಂಧ ಓದಿಸುವುದು ಹೇಗೆ?

ಹಾಗಾಗಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಪ್ರಾಚೀನ ಸಾಹಿತ್ಯಕ್ಕೆ ಮಾತ್ರ ಸೀಮಿತವಾಗುವುದು, ಸುಮಾರು 1950ರ ಹಿಂದಕ್ಕೆ ಗೆರೆ ಹಾಕಿಕೊಂಡು. ಇದು ಪ್ರಾಮಾಣಿಕ ದಾರಿ. ವಿದ್ಯಾರ್ಥಿಗಳಿಗೆ ಲಾಭವೂ ಇದೆ. ಆದರೆ ಪಕ್ಕದ ಕ್ಯಾಂಪಿನ ಯುವಕರು ಬಂದು ಕೂತಾಗ ಅವರ ಪ್ರಶ್ನೆಗೆ ವೇದಿಕೆಯಲ್ಲಿ ಉತ್ತರ ಇರುವುದಿಲ್ಲ. ಎರಡು, ಶೀರ್ಷಿಕೆಯನ್ನು ಹಾಗೇ ಇಟ್ಟು, ರಾಜಕೀಯ ಗೋಷ್ಠಿಯನ್ನು ಎರಡನೇ ದಿನ ಬೆಳಿಗ್ಗೆ ಮೊದಲೇ ನೋಂದಾಯಿಸಿದ 30-40 ಜನರ ದುಂಡುಮೇಜಿನ ಚರ್ಚೆಯಾಗಿ ನಡೆಸುವುದು. ಮೂರು, ಎಲ್ಲವನ್ನೂ ಬಹಿರಂಗ ಸಭೆಯಲ್ಲಿ ಪತ್ರಕರ್ತರ ಎದುರು ನಡೆಸುವುದು. ನಾನು ಎರಡನೆಯದನ್ನು ಹೇಳುತ್ತೇನೆ. ಮೂರನೆಯದರಲ್ಲಿ ವಿದ್ವಾಂಸರು ಬಾಯಿ ಬಿಗಿಹಿಡಿಯುತ್ತಾರೆ, ಭಾಷಣಕಾರರು ಮೈಕು ಬಿಡುವುದಿಲ್ಲ. ‘ಸಮಕಾಲೀನ ವಿಷಯಗಳು’ ಎಂದು ಬರೆದು ಅನುಮತಿ ಪಡೆದು ಒಳಗೆ ರಾಜಕೀಯ ಚರ್ಚಿಸುವ ಉಪಾಯವನ್ನು ಮಾತ್ರ ಮಾಡಬೇಡಿ. ನಾಳೆ ಯಾರಾದರೂ ದೂರು ಕೊಟ್ಟರೆ, ಅನುಮತಿ ಪತ್ರಕ್ಕೂ ನಡೆದ ಸಭೆಗೂ ತಾಳೆಯಾಗದಿರುವುದೇ ನಿಮ್ಮ ಕುತ್ತಿಗೆಗೆ ಬರುತ್ತದೆ. ಕಾಲೇಜು ಶಿಕ್ಷಣ ಇಲಾಖೆಗೆ ಕಳಿಸುವ ಪತ್ರದಲ್ಲಿ ಗೋಷ್ಠಿಗಳ ಹೆಸರು, ಮಾತಾಡುವವರ ಹೆಸರು, ಪ್ರಬಂಧದ ಸಾರಾಂಶ ಎಲ್ಲವೂ ಇರಲಿ. ಸ್ಥಳೀಯ ಠಾಣೆಗೂ ಒಂದು ಪ್ರತಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ.

ರಾಜಕೀಯ ಗೋಷ್ಠಿ ಘೋಷಣೆಯಾಗದಂತೆ ತಡೆಯುವುದು ವಿಷಯದ ಆಯ್ಕೆಯಿಂದ ಸಾಧ್ಯ. ‘ಟಿಬೆಟ್ ಸ್ವತಂತ್ರವಾಗಬೇಕೇ?’ ಎಂದು ಕೇಳಿದರೆ ಎರಡು ಗಂಟೆಯ ಕೂಗಾಟ ಸಿಗುತ್ತದೆ. ದಾಖಲೆ ಕೈಗೆ ಕೊಟ್ಟು ಚರ್ಚೆಗೆ ಕೂರಿಸಿ. ಬೀಜಿಂಗ್‌ಗೂ ಟಿಬೆಟ್‌ಗೂ ಆದ 1951ರ 17 ಅಂಶಗಳ ಒಪ್ಪಂದ. ದಲೈ ಲಾಮಾ ಮುಂದಿಟ್ಟ 1987ರ ಐದು ಅಂಶಗಳ ಶಾಂತಿ ಯೋಜನೆ ಮತ್ತು 1988ರ ಸ್ಟ್ರಾಸ್‌ಬರ್ಗ್ ಪ್ರಸ್ತಾವ. 2002ರಿಂದ 2010ರವರೆಗೆ ದಲೈ ಲಾಮಾ ಪ್ರತಿನಿಧಿಗಳಿಗೂ ಬೀಜಿಂಗ್‌ಗೂ ನಡೆದ 9 ಸುತ್ತಿನ ಮಾತುಕತೆ. 2008ರಲ್ಲಿ ಟಿಬೆಟನ್ನರು ಕೊಟ್ಟ ನೈಜ ಸ್ವಾಯತ್ತತೆಯ ಜ್ಞಾಪನಪತ್ರ. ಆ ಜ್ಞಾಪನಪತ್ರ ಕೇಳುವ ಅಧಿಕಾರಗಳ ಪಟ್ಟಿ ಶುರುವಾಗುವುದೇ ಭಾಷೆಯಿಂದ, ಆಮೇಲೆ ಸಂಸ್ಕೃತಿ, ಧರ್ಮ, ಶಿಕ್ಷಣ. ಭಾಷೆ ಬೇರೆ, ರಾಜಕೀಯ ಬೇರೆ ಎಂದು ಕಮಿಟಿಯಲ್ಲಿ ವಾದಿಸುವವರಿಗೆ ಆ ಪಟ್ಟಿಯನ್ನೇ ತೋರಿಸಿ.

ಟಿಬೆಟನ್ನರೆಲ್ಲರೂ ಸ್ವತಂತ್ರ ದೇಶ ಕೇಳುತ್ತಾರೆಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ತಪ್ಪು ತಿಳಿವಳಿಕೆ. ಧರ್ಮಶಾಲೆಯಲ್ಲಿರುವ ಕೇಂದ್ರ ಟಿಬೆಟನ್ ಆಡಳಿತದ, ಅಂದರೆ ದೇಶಭ್ರಷ್ಟ ಟಿಬೆಟನ್ನರ ಆಡಳಿತದ, ಅಧಿಕೃತ ನಿಲುವು ಮಧ್ಯಮ ಮಾರ್ಗ, ಅಂದರೆ ಚೀನಾದ ಸಂವಿಧಾನದೊಳಗೇ ಸ್ವಾಯತ್ತತೆ. 1970ರಲ್ಲಿ ಹುಟ್ಟಿದ ಟಿಬೆಟನ್ ಯೂತ್ ಕಾಂಗ್ರೆಸ್ ಪೂರ್ಣ ಸ್ವಾತಂತ್ರ್ಯವನ್ನೇ ಹಿಡಿದು ನಿಂತಿದೆ. ಎರಡೂ ಕಡೆಯವರು ನಿಮ್ಮ ಮೇಜಿನ ಸುತ್ತ ಇರಲಿ. ಉತ್ತರಾಧಿಕಾರದ ಪ್ರಶ್ನೆಯನ್ನೂ ಬಿಡಬೇಡಿ: ಪುನರ್ಜನ್ಮದ ಲಾಮಾಗಳಿಗೆ ಸರ್ಕಾರದ ಒಪ್ಪಿಗೆ ಬೇಕೆಂದು ಚೀನಾ 2007ರಲ್ಲಿ ಆದೇಶ ಹೊರಡಿಸಿತು. ದಲೈ ಲಾಮಾ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಕಚೇರಿಯ ಗಾದೆನ್ ಫೊದ್ರಂಗ್ ಟ್ರಸ್ಟಿಗೆ ಮಾತ್ರ ಎಂದು ದಲೈ ಲಾಮಾ 2025ರ ಜುಲೈ 2ರಂದು ಹೇಳಿದರು. ದೇಶಭ್ರಷ್ಟ ಸಂಸತ್ತಿನ ರಚನೆ ನಿಮ್ಮ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ವಿಷಯ. 45 ಸದಸ್ಯರು, ಟಿಬೆಟ್‌ನ ಸಾಂಪ್ರದಾಯಿಕ ಪ್ರಾಂತ್ಯಗಳಾದ ಊ-ತ್ಸಾಂಗ್, ಖಾಮ್, ಅಮ್ದೊಗಳಿಂದ ತಲಾ 10, ನಾಲ್ಕು ಬೌದ್ಧ ಪಂಥಗಳಿಗೂ ಟಿಬೆಟ್‌ನ ಪ್ರಾಚೀನ ಬೊನ್ ಧರ್ಮಕ್ಕೂ ತಲಾ 2, ಉಳಿದವರು ಅಮೆರಿಕ ಖಂಡ, ಯೂರೋಪ್, ಆಸ್ಟ್ರೇಲಿಯಾ-ಏಷ್ಯಾ ಕಡೆಯವರು. ಬೈಲಕುಪ್ಪೆ, ಹುಣಸೂರು, ಮುಂಡಗೋಡು, ಒಡೆಯರಪಾಳ್ಯಗಳ ಜನ ಇದಕ್ಕೆ ಮತ ಹಾಕುತ್ತಾರೆ. ನಮ್ಮ ಪಕ್ಕದಲ್ಲೇ ನಡೆಯುವ ಈ ಚುನಾವಣೆ ನಮ್ಮ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಅಪರೂಪ.

ಭೂಪಟದ ವಿಷಯದಲ್ಲಿ ಒಂದು ಎಚ್ಚರ. 1965ರಲ್ಲಿ ರಚನೆಯಾದ ಟಿಬೆಟ್ ಸ್ವಾಯತ್ತ ಪ್ರದೇಶವೇ ಇಡೀ ಟಿಬೆಟ್ ಅಲ್ಲ. ಚೀನಾದ 2020ರ ಜನಗಣತಿಯಲ್ಲಿ ಟಿಬೆಟನ್ನರು ಸುಮಾರು 70 ಲಕ್ಷ. ಅವರಲ್ಲಿ ಸ್ವಾಯತ್ತ ಪ್ರದೇಶದೊಳಗಿದ್ದವರು ಸುಮಾರು 31 ಲಕ್ಷ. ಉಳಿದವರು ಚಿಂಗ್‌ಹಾಯ್, ಸಿಚುವಾನ್, ಗಾನ್ಸು, ಯುನ್ನಾನ್ ಪ್ರಾಂತ್ಯಗಳಲ್ಲಿದ್ದಾರೆ. ಮೇಲೆ ಹೇಳಿದ ರೆಬ್‌ಕೊಂಗ್, ಗೊಲೊಗ್ ಎರಡೂ ಚಿಂಗ್‌ಹಾಯ್‌ನಲ್ಲಿವೆ. ಯಾವ ‘ಟಿಬೆಟ್’ ಬಗ್ಗೆ ಮಾತಾಡುತ್ತಿದ್ದೀರೆಂದು ಪ್ರಬಂಧಕಾರರು ಮೊದಲ ಪುಟದಲ್ಲೇ ಹೇಳಲಿ. ಇಲ್ಲದಿದ್ದರೆ ಇಬ್ಬರು ಎರಡು ಬೇರೆ ಅಂಕಿ ಹಿಡಿದು ಜಗಳವಾಡುತ್ತಾರೆ, ಇಬ್ಬರದೂ ಸರಿಯಿರುತ್ತದೆ.

ಈಗ ಮೊದಲೇ ಹೇಳಿದ ಅಪಾಯ. ಕ್ಯಾಂಪುಗಳಲ್ಲಿ, ಮಠಗಳಲ್ಲಿ, ಟಿಬೆಟ್‌ನಲ್ಲೇ ಹುಟ್ಟಿ ಇತ್ತೀಚಿನ ದಶಕಗಳಲ್ಲಿ ಬಂದವರಿದ್ದಾರೆ. ಅವರ ತಂದೆತಾಯಿ, ಅಣ್ಣತಮ್ಮಂದಿರು ಅಲ್ಲೇ ಇರುತ್ತಾರೆ. ಇಲ್ಲಿನ ಒಂದು ಫೋಟೊ, ಯೂಟ್ಯೂಬಿನ ಒಂದು ತುಣುಕು ಅಲ್ಲಿ ಪೊಲೀಸರು ಮನೆಬಾಗಿಲಿಗೆ ಬರಲು ಸಾಕು. ಆದ್ದರಿಂದ ಒಪ್ಪಿಗೆ ಪತ್ರ ಮುಂಚಿತವಾಗಿ ಕಳಿಸಿ: ವಿಡಿಯೊ ಆಗಬಹುದೇ, ಧ್ವನಿ ಮಾತ್ರವೇ, ಎರಡೂ ಬೇಡವೇ, ಫೋಟೊದಲ್ಲಿ ಮುಖ ಕಾಣಬಹುದೇ, ಪುಸ್ತಕದಲ್ಲಿ ಹುಟ್ಟೂರಿನ ಹೆಸರು ಹಾಕಬಹುದೇ. ಪತ್ರ ಟಿಬೆಟನ್ ಭಾಷೆಯಲ್ಲೂ ಇರಬೇಕು. ಕೈಗೆ ಕೊಟ್ಟ ಗಳಿಗೆಯಲ್ಲೇ ಸಹಿ ಮಾಡಿಸಬೇಡಿ, ಸಂಕೋಚಕ್ಕೆ ಹೂಂ ಎನ್ನುತ್ತಾರೆ. ದುಂಡುಮೇಜಿನ ಚರ್ಚೆಯನ್ನು ನೇರ ಪ್ರಸಾರ ಮಾಡಬೇಡಿ. ಹೆಚ್ಚು ತಪ್ಪಾಗುವುದು ಪ್ರೇಕ್ಷಕರಿಂದ: ವಿದ್ಯಾರ್ಥಿಗಳು ಸ್ಟೇಟಸ್ ಹಾಕುತ್ತಾರೆ, ಸ್ಥಳೀಯ ವರದಿಗಾರರು ಗುಂಪು ಫೋಟೊ ಕೇಳುತ್ತಾರೆ. ಆ ಒಂದು ಗೋಷ್ಠಿಗೆ ಫೋನುಗಳನ್ನು ಬಾಗಿಲಲ್ಲೇ ಲಕೋಟೆಯಲ್ಲಿ ಇಡಿಸಿಕೊಳ್ಳಿ. ಕಾರಣ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಲಾಮಾಗಳಿಂದ ಧರ್ಮೋಪದೇಶ ಮಾತ್ರ ಬರುತ್ತದೆ ಎನ್ನುವವರಿಗೆ ಸೆರಾ, ಡ್ರೆಪುಂಗ್, ಗಾದೆನ್ ಮಠಗಳ ಪಠ್ಯಕ್ರಮ ಗೊತ್ತಿಲ್ಲ. ಮೊದಲನೆಯದು ಬೈಲಕುಪ್ಪೆಯಲ್ಲಿ, ಉಳಿದೆರಡು ಮುಂಡಗೋಡಿನಲ್ಲಿ ಮತ್ತೆ ಕಟ್ಟಿದವು. ಮಠಗಳ ಉನ್ನತ ಪದವಿಯಾದ ಗೆಶೆಗೆ ಹದಿನೈದು-ಇಪ್ಪತ್ತು ವರ್ಷ ತರ್ಕ, ಪ್ರಮಾಣಶಾಸ್ತ್ರ ಓದಿ ಪ್ರತಿದಿನ ಅಂಗಳದಲ್ಲಿ ವಾದ ಮಾಡಿದವರು ಅವರು. ಭಿಕ್ಷುಣಿಯರಿಗೂ 2016ರಿಂದ ಗೆಶೆಮಾ ಪದವಿ ಸಿಗುತ್ತಿದೆ. ಮೊದಲ ತಂಡದಲ್ಲಿ 20 ಜನ. ಮುಂಡಗೋಡಿನ ಡ್ರೆಪುಂಗ್‌ನಲ್ಲಿ 2013ರ ಜನವರಿಯಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ದಿನಗಟ್ಟಲೆ ಕೂತು ಚರ್ಚಿಸಿದ ಸಭೆ ನಡೆದಿದೆ. ಅವರನ್ನು ಆಶೀರ್ವಚನಕ್ಕೆ ಕರೆದರೆ ಆಶೀರ್ವಚನ ಬರುತ್ತದೆ. ನಿರ್ದಿಷ್ಟ ಪ್ರಶ್ನೆಯೊಂದನ್ನು ಎರಡು ತಿಂಗಳ ಮುಂಚೆ ಬರೆದು ಕಳಿಸಿದರೆ ಪ್ರಬಂಧ ಬರುತ್ತದೆ.

ಎಂಥ ಪ್ರಶ್ನೆ? ಸಾಹಿತ್ಯ ಗೋಷ್ಠಿಗೆ ಕನ್ನಡದವರಿಗೆ ಹೇಳಿ ಮಾಡಿಸಿದಂಥದ್ದೊಂದಿದೆ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿಯ ‘ಕಾವ್ಯಾದರ್ಶ’ವನ್ನು ಆಧಾರವಾಗಿಟ್ಟುಕೊಂಡು ಒಂಬತ್ತನೇ ಶತಮಾನದ ನಡುವೆ ‘ಕವಿರಾಜಮಾರ್ಗ’ ಹುಟ್ಟಿತು. ಅದೇ ದಂಡಿ ಟಿಬೆಟ್‌ಗೂ ಹೋದ. ಹದಿಮೂರನೇ ಶತಮಾನದ ಆರಂಭದಲ್ಲಿ ಟಿಬೆಟನ್ ವಿದ್ವಾಂಸ ಸಾಕ್ಯ ಪಂಡಿತ (1182–1251) ಅವನ ಅಲಂಕಾರಗಳನ್ನು ಪರಿಚಯಿಸಿದರು. ಅದೇ ಶತಮಾನದ ಉತ್ತರಾರ್ಧದಲ್ಲಿ ಶೊಂಗ್‌ತೊನ್ ದೊರ್ಜೆ ಗ್ಯಲ್ಚೆನ್, ಭಾರತೀಯ ಪಂಡಿತ ಲಕ್ಷ್ಮೀಕರನ ಜೊತೆ ಕೂತು ಪೂರ್ಣ ಅನುವಾದ ಮಾಡಿದರು. ಮುಂದೆ ಏಳುನೂರು ವರ್ಷ ಟಿಬೆಟ್‌ನ ಕವಿಗಳು ಅದನ್ನೇ ಕಲಿತು ಬರೆದರು. ಅಲ್ಲಿ ದಂಡಿಗೆ ವ್ಯಾಖ್ಯಾನಗಳ ಸಾಲೇ ಬೆಳೆಯಿತು. ನಮ್ಮಲ್ಲಿ ಅವನು ದೇಸಿ-ಮಾರ್ಗಗಳ ಚರ್ಚೆಗೆ, ಕನ್ನಡ ನಾಡಿನ ಗಡಿ ಹೇಳುವುದಕ್ಕೆ ದಾರಿಯಾದ. ಒಂದೇ ಗ್ರಂಥ ಎರಡು ಭಾಷೆಗಳಲ್ಲಿ ಎರಡು ಬೇರೆ ಕೆಲಸ ಮಾಡಿದ್ದು ಏಕೆ? ಕನ್ನಡ ವಿಭಾಗದವರೊಬ್ಬರು, ಸೆರಾದಿಂದಲೋ ಸಾರನಾಥದ ಟಿಬೆಟನ್ ಅಧ್ಯಯನ ಸಂಸ್ಥೆಯಿಂದಲೋ ಒಬ್ಬರು, ಸಂಸ್ಕೃತದವರೊಬ್ಬರು ಸೇರಿ ಉಪಮೆ, ರೂಪಕ, ದೀಪಕ ಈ ಮೂರನ್ನೇ ಹಿಡಿದು ಮೂಲ ಶ್ಲೋಕ, ಕನ್ನಡ ಪದ್ಯ, ಟಿಬೆಟನ್ ಪದ್ಯ ಪಕ್ಕಪಕ್ಕ ಓದಲಿ. ಟಿಬೆಟನ್‌ನಲ್ಲಿ ನಮ್ಮ ಆದಿಪ್ರಾಸದಂಥ ಕಟ್ಟು ಇಲ್ಲ. ಸಾಲಿಗೆ ಏಳೋ ಒಂಬತ್ತೋ ಉಚ್ಚಾರಾಂಶ ಎಣಿಸುತ್ತಾರೆ. ಆರನೇ ದಲೈ ಲಾಮಾ ಹೆಸರಿನಲ್ಲಿರುವ ಪ್ರೇಮಗೀತೆಗಳು ಜಾನಪದ ಧಾಟಿಯ ಆರರ ಸಾಲುಗಳು. ನನಗೆ ಕೇಳಿದರೆ ಇಡೀ ಸಂಕಿರಣದಲ್ಲಿ ಕರ್ನಾಟಕದಲ್ಲಿ ಮಾತ್ರ ಆಗಬಹುದಾದ ಗೋಷ್ಠಿ ಇದೊಂದೇ. ಒಂದು ಇಡೀ ಮಧ್ಯಾಹ್ನ ಇದಕ್ಕೆ ಕೊಡಿ.

ಆಧುನಿಕ ಸಾಹಿತ್ಯಕ್ಕೆ ದೊಂಡುಪ್ ಗ್ಯಾಲ್ (1953–1985) ಅವರಿಂದ ಶುರುಮಾಡಿ. ಚಿಂಗ್‌ಹಾಯ್‌ನ ಸಾಹಿತ್ಯ ಪತ್ರಿಕೆಯಲ್ಲಿ 1983ರಲ್ಲಿ ಬಂದ ಅವರ ಕವಿತೆ ದಂಡಿಯ ಚೌಕಟ್ಟನ್ನು ಬಿಟ್ಟು ಮುಕ್ತಛಂದಕ್ಕೆ ದಾರಿ ತೆರೆಯಿತು. ಗೋವಿಂದ ಪೈಗಳು ಪ್ರಾಸ ಬಿಟ್ಟಾಗ ನಮ್ಮಲ್ಲಾದ ವಾಗ್ವಾದ ಗೊತ್ತಿರುವವರಿಗೆ ಆ ಬದಲಾವಣೆಯ ತೂಕ ಹೇಳಬೇಕಿಲ್ಲ.

ಟಿಬೆಟನ್ ಲಿಪಿ ಚೀನೀ ಲಿಪಿಯ ಒಂದು ಬಗೆ ಎಂಬ ಮಾತನ್ನು ನಿಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಖಂಡಿತ ಕೇಳುತ್ತೀರಿ. ಅದು ಬ್ರಾಹ್ಮೀ ಕುಲದ್ದು, ಏಳನೇ ಶತಮಾನದಲ್ಲಿ ಭಾರತೀಯ ಲಿಪಿಯ ಮಾದರಿಯಲ್ಲಿ ರೂಪುಗೊಂಡದ್ದು. 30 ವ್ಯಂಜನ, 4 ಸ್ವರಚಿಹ್ನೆ. ಕ, ಖ, ಗ, ಙ ಎಂದೇ ಓದಿಕೊಂಡು ಹೋಗುತ್ತದೆ. ಸಭಾಂಗಣದ ಬಾಗಿಲಲ್ಲಿ ಎರಡೂ ವರ್ಣಮಾಲೆಗಳ ಒಂದು ಫಲಕ ನಿಲ್ಲಿಸಿದರೆ ಆ ವಾದ ಅಲ್ಲೇ ಮುಗಿಯುತ್ತದೆ.

ಯಾವ ಭಾಷೆಯಲ್ಲಿ ನಡೆಸಬೇಕೆಂದು ಕೇಳಿದ್ದೀರಿ. ಟಿಬೆಟನ್ ಭಾಷೆಯ ಸ್ಥಿತಿಯ ಬಗ್ಗೆ ಎರಡು ದಿನ ಇಂಗ್ಲಿಷಿನಲ್ಲೇ ಮಾತಾಡಿ ಎದ್ದುಹೋಗುವುದು ನನಗೆ ನೋವಿನ ವಿಷಯ. ಕನಿಷ್ಠ ಮೂರನೇ ಒಂದು ಭಾಗ ಪ್ರಬಂಧಗಳು ಟಿಬೆಟನ್‌ನಲ್ಲೇ ಇರಲಿ, ಕನ್ನಡಕ್ಕೆ ಅನುವಾದವಾಗಲಿ. ನಿಂತು ನಿಂತು ಅನುವಾದ ಮಾಡಿದರೆ 20 ನಿಮಿಷದ ಪ್ರಬಂಧಕ್ಕೆ 40 ನಿಮಿಷ ಹಿಡಿಯುತ್ತದೆ, ಚರ್ಚೆ ಸೇರಿ ಒಂದು ಗಂಟೆ. ದಿನಕ್ಕೆ 5 ಅಥವಾ 6ಕ್ಕಿಂತ ಹೆಚ್ಚು ಪ್ರಬಂಧ ಇಡಬೇಡಿ. ಸಂಕಿರಣಗಳು ಕೆಡುವುದು ಇಲ್ಲೇ: 14 ಪ್ರಬಂಧ ತುರುಕಿ, ಮಧ್ಯಾಹ್ನದ ಹೊತ್ತಿಗೆ ‘ಅನುವಾದ ಬಿಡಿ, ಸಮಯವಿಲ್ಲ’ ಎನ್ನುತ್ತಾರೆ.

ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಅನೇಕರಿಗೆ ಸಂತೆಯ ಕನ್ನಡ ಸಲೀಸು. ತರ್ಕದ, ರಾಜಕೀಯದ ಕನ್ನಡ ಬೇರೆ. ಪ್ರಬಂಧವನ್ನು 3 ವಾರ ಮುಂಚೆ ಅನುವಾದಕರ ಕೈಗೆ ಕೊಡಿ, 60-80 ಪದಗಳ ಪಟ್ಟಿಯನ್ನು ಮಾತುಗಾರರ ಜೊತೆ ಕೂತು ತಯಾರಿಸಿ. ಒಂಬತ್ತನೇ ಶತಮಾನದ ಆರಂಭದಲ್ಲೇ ಟಿಬೆಟನ್ನರು ಸಂಸ್ಕೃತ ಪದಗಳಿಗೆ ಸ್ಥಿರವಾದ ಸಮಾನಪದಗಳ ಕೋಶ ಮಾಡಿಕೊಂಡಿದ್ದರಿಂದ ಶಾಸ್ತ್ರದ ಮಾತುಗಳು ಕನ್ನಡಕ್ಕೆ ನೇರ ದಕ್ಕುತ್ತವೆ: ‘ತೊಂಗ್‌ಪಾಞಿ’ಗೆ ಶೂನ್ಯತೆ, ‘ತೆಂದ್ರೆಲ್’ಗೆ ಪ್ರತೀತ್ಯಸಮುತ್ಪಾದ. ನಡುವೆ ಇಂಗ್ಲಿಷ್ ತಂದರೆ ಶೂನ್ಯತೆ ‘ಖಾಲಿತನ’ವಾಗಿ ಹೊರಬರುತ್ತದೆ. ರಾಜಕೀಯ ಗೋಷ್ಠಿಯಲ್ಲಿ ‘ರಾಂಗ್‌ಜೆನ್’ (ಪ್ರತ್ಯೇಕ ರಾಷ್ಟ್ರದ ಸ್ವಾತಂತ್ರ್ಯ), ‘ರಾಂಗ್‌ವಾಂಗ್’ (ವ್ಯಕ್ತಿ ಸ್ವಾತಂತ್ರ್ಯ), ‘ರಾಂಗ್‌ಕ್ಯೊಂಗ್’ (ಸ್ವಾಯತ್ತತೆ) ಈ ಮೂರನ್ನು ಅನುವಾದಕರು ಬಾಯಿಪಾಠ ಮಾಡಿಕೊಂಡಿರಬೇಕು. ಮೂರನ್ನೂ ‘ಸ್ವಾತಂತ್ರ್ಯ’ ಎಂದುಬಿಟ್ಟರೆ ಮಧ್ಯಮ ಮಾರ್ಗದವರು ಮರುದಿನದ ಪತ್ರಿಕೆಯಲ್ಲಿ ಪ್ರತ್ಯೇಕತಾವಾದಿಗಳಾಗಿರುತ್ತಾರೆ. ಇನ್ನು, ಅಮ್ದೊ ಕಡೆಯವರ ಆಡುಮಾತು ಲ್ಹಾಸಾ ಕಡೆಯವರಿಗೆ ಅರ್ಥವಾಗುವುದು ಕಷ್ಟ. ಬರಹ ಮಾತ್ರ ಎಲ್ಲರಿಗೂ ಒಂದೇ. ಅನುವಾದಕರನ್ನು ಗೊತ್ತುಮಾಡುವಾಗ ಮಾತುಗಾರರು ಯಾವ ಕಡೆಯವರೆಂದು ಕೇಳಿಕೊಳ್ಳಿ.

ವಿದೇಶದವರನ್ನು ಕರೆಯಬಹುದು, ಆದರೆ ಕಾನ್ಫರೆನ್ಸ್ ವೀಸಾದ ಮೇಲೆ. ಅದಕ್ಕೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ, ಗೃಹ ಸಚಿವಾಲಯದ ಅನುಮತಿ ಎರಡನ್ನೂ ಏರ್ಪಡಿಸುವವರೇ ತರಬೇಕು. ಕನಿಷ್ಠ 4 ತಿಂಗಳು ಇಟ್ಟುಕೊಳ್ಳಿ, ಅರ್ಜಿ ಹಾಕುವಾಗ ಆ ಹೊತ್ತಿನ ನಿಯಮ ಓದಿಕೊಳ್ಳಿ. ಪ್ರವಾಸಿ ವೀಸಾದಲ್ಲಿ ಬಂದು ಪ್ರಬಂಧ ಓದಿದರೆ ಉಲ್ಲಂಘನೆಯಾಗುತ್ತದೆ, ಮುಂದಿನ ವೀಸಾ ಅವರ ಕೈತಪ್ಪಬಹುದು. ಅವರು ಕ್ಯಾಂಪಿನಲ್ಲಿ ಉಳಿಯಬೇಕೆಂದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇರೆ ಬೇಕು. ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಲೇಜಿನ ಅತಿಥಿಗೃಹದಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಕಳಿಸುವ ಹೊಣೆ ನಿಮ್ಮದು. ಭಾರತದಲ್ಲೇ ಇರುವ ಟಿಬೆಟನ್ನರು ತಮ್ಮ ನೋಂದಣಿ ಪುಸ್ತಕ, ಅಂದರೆ ಆರ್‌ಸಿ, ಮೂಲಪ್ರತಿಯನ್ನೇ ತರಲಿ. ಮೊದಲ ವರ್ಷ ವಿದೇಶದವರ ಗೋಜು ಬೇಡ ಎನ್ನುವುದು ನನ್ನ ಅಭಿಪ್ರಾಯ. ಬೆಂಗಳೂರು, ಸಾರನಾಥ, ಧರ್ಮಶಾಲೆಯ ಗ್ರಂಥಾಲಯ, ನಮ್ಮ ಮಠಗಳು ಇವಿಷ್ಟರಿಂದ ಎರಡು ದಿನ ತುಂಬುತ್ತದೆ.

ದಿನಾಂಕವನ್ನು ಕ್ಯಾಂಪಿನವರನ್ನು ಕೇಳದೆ ಗೊತ್ತುಮಾಡಬೇಡಿ. ಅಕ್ಟೋಬರಿನಿಂದ ಜನವರಿಯವರೆಗೆ ಬಹಳಷ್ಟು ಮನೆಯವರು ಸ್ವೆಟರ್ ವ್ಯಾಪಾರಕ್ಕೆ ಊರೂರಿಗೆ ಹೋಗಿರುತ್ತಾರೆ. ಫೆಬ್ರವರಿ-ಮಾರ್ಚ್‌ನಲ್ಲಿ ಟಿಬೆಟನ್ ಹೊಸವರ್ಷದ ಲೊಸಾರ್ ಹಬ್ಬ. ಮಾರ್ಚ್ 10 ಲ್ಹಾಸಾದ 1959ರ ದಂಗೆಯ ನೆನಪಿನ ದಿನ. ಅದರ ಆಸುಪಾಸು ಇಟ್ಟರೆ ನಿಮ್ಮ ಗೋಷ್ಠಿಯನ್ನು ಪ್ರತಿಭಟನೆಯೆಂದೇ ಓದಿಕೊಳ್ಳುತ್ತಾರೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವೆ ಸುಮಾರು ಒಂದೂವರೆ ತಿಂಗಳು ಭಿಕ್ಷುಗಳಿಗೆ ವರ್ಷಾವಾಸ, ಮಠ ಬಿಟ್ಟು ಬರುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಅಥವಾ ಮಾರ್ಚ್ ಕೊನೆ ಸಾಮಾನ್ಯವಾಗಿ ಹೊಂದುತ್ತದೆ.

ಕೊನೆಗೆ ಅಚ್ಚು. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟ್, ಪೇಜ್‌ಮೇಕರ್ ನಡೆಯುತ್ತಿವೆ. ಅದರಲ್ಲಿ ಟಿಬೆಟನ್ ಬರುವುದಿಲ್ಲ; ಒತ್ತಕ್ಷರಗಳು ಒಡೆದು ಚೌಕಗಳಾಗುತ್ತವೆ. ಕನ್ನಡ, ಟಿಬೆಟನ್ ಎರಡನ್ನೂ ಯೂನಿಕೋಡಿನಲ್ಲೇ ತರಿಸಿಕೊಳ್ಳಿ. ನೋಟೊ ಸೆರಿಫ್ ಟಿಬೆಟನ್ ಅಥವಾ ಜೊಮೊಲ್ಹಾರಿ ಫಾಂಟ್ ಉಚಿತ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಸಿ, ಅದಿಲ್ಲದಿದ್ದರೆ ಲಿಬ್ರೆ ಆಫೀಸ್ ಸಾಕು. ಟಿಬೆಟನ್‌ನಲ್ಲಿ ಪದಗಳ ನಡುವೆ ಜಾಗವಿಲ್ಲ, ಪ್ರತಿ ಉಚ್ಚಾರಾಂಶದ ಕೊನೆಗೆ ‘ತ್ಸೆಗ್’ ಎಂಬ ಚುಕ್ಕಿ; ಸಾಲು ಮುರಿಯಬೇಕಾದದ್ದು ಆ ಚುಕ್ಕಿಯ ನಂತರ. ಚುಕ್ಕಿಯೇ ಹೊಸ ಸಾಲಿನ ಮೊದಲಿಗೆ ಬಂದಿದ್ದರೆ ಸೆಟ್ಟಿಂಗ್ ತಪ್ಪಿದೆ ಎಂದರ್ಥ. ಅಕ್ಷರಗಳು ಕೆಳಗೆ ಪೇರಿಸಿಕೊಳ್ಳುವುದರಿಂದ ಸಾಲಿನ ಅಂತರವನ್ನು ಕನ್ನಡಕ್ಕಿಂತ ಹೆಚ್ಚಿಡಿ. ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಪ್ರೆಸ್ಸಿಗೆ ಕೊಡಿ, ಕಾಗದದ ಪ್ರೂಫನ್ನು ಟಿಬೆಟನ್ ಓದಬಲ್ಲವರಿಗೆ ತೋರಿಸಿ. ಹೆಸರುಗಳನ್ನು ಮೊಟಕು ಮಾಡಬೇಡಿ. ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿರುವುದಿಲ್ಲ, ತೆನ್ಜಿನ್ ಎಂಬವರು ಸಾವಿರಾರು, ‘ಟಿ. ತ್ಸೆರಿಂಗ್’ ಎಂದು ಹಾಕಿದರೆ ಬರೆದವರು ಯಾರೆಂದೇ ತಿಳಿಯುವುದಿಲ್ಲ. ಪ್ರಬಂಧ ಪುಸ್ತಕಕ್ಕೆ ಹೋಗುವ ಮುನ್ನ ಒಪ್ಪಿಗೆ ಪತ್ರಗಳನ್ನು ಇನ್ನೊಮ್ಮೆ ತೆಗೆದು ನೋಡಿ. ಸಭೆಯ ದಿನ ಹೂಂ ಎಂದವರು ಆರು ತಿಂಗಳ ನಂತರ ಹೆಸರು ಬೇಡ ಎನ್ನಬಹುದು; ಹಾಗಂದರೆ ಕಾರಣ ಕೇಳದೆ ತೆಗೆದುಬಿಡಿ.